‘ಒಂದು ಪೇಂಟಿಂಗ್ ಕೊಡಿ, ಒಳ್ಳೆ ಕೆಲಸಕ್ಕೆ’: ದಾನ ಕೇಳಿ ಫೋನ್ ಬಂದಾಗ ಕಲಾವಿದರ ಲೆಕ್ಕ

“ಮೇಡಂ ನಮಸ್ಕಾರ. ನಿಮ್ಮ ಕೆಲಸ ನೋಡಿದ್ದೀನಿ, ತುಂಬಾ ಚೆನ್ನಾಗಿದೆ. ನಮ್ಮದೊಂದು ಟ್ರಸ್ಟ್ ಇದೆ. ಮಕ್ಕಳ ಆಪರೇಷನ್‌ಗೆ ದುಡ್ಡು ಎತ್ತುತ್ತಾ ಇದ್ದೀವಿ. ಹೋಟೆಲ್‌ನಲ್ಲಿ ಒಂದು ಸಂಜೆ ಕಾರ್ಯಕ್ರಮ, ಊಟ, ಆಮೇಲೆ ಹರಾಜು. ನಿಮ್ಮದೊಂದು ಪೇಂಟಿಂಗ್ ಕೊಟ್ಟರೆ...” ಸ್ವಲ್ಪ ತಡೆದು, “ನಿಮಗೂ ಒಳ್ಳೆ ಪ್ರಚಾರ ಸಿಗುತ್ತೆ.”

ಬೆಂಗಳೂರಿನಲ್ಲಿ ಚಿತ್ರ ಬರೆದು ಬದುಕುವ ಯಾರನ್ನಾದರೂ ಕೇಳಿ, ಈ ಫೋನ್ ಅವರಿಗೂ ಬಂದಿರುತ್ತದೆ. ಮಾತು ಕೂಡ ಹೆಚ್ಚು ಕಡಿಮೆ ಇದೇ. ನನಗಂತೂ ವರ್ಷಕ್ಕೆ ಆರೇಳು ಸಲ ಬರುತ್ತದೆ. ವೃದ್ಧಾಶ್ರಮ, ಬೀದಿನಾಯಿ, ಕ್ಯಾನ್ಸರ್ ಆಸ್ಪತ್ರೆ, ಹಳೇ ಶಾಲೆಯ ಕಟ್ಟಡ, ಯಾರದೋ ಕಿಡ್ನಿ. ಎಲ್ಲವೂ ಒಳ್ಳೆ ಕೆಲಸವೇ. ಕೇಳುವವರಲ್ಲಿ ಹೆಚ್ಚಿನವರು ಒಳ್ಳೆಯವರೇ. ತೊಂದರೆ ಇರುವುದೇ ಅಲ್ಲಿ. ಕೆಟ್ಟವರಾಗಿದ್ದರೆ ಫೋನ್ ಇಟ್ಟುಬಿಡಬಹುದಿತ್ತು.

ಮೊದಲ ಕೆಲವು ವರ್ಷ ನಾನು ಯಾರಿಗೂ ಇಲ್ಲ ಅನ್ನಲಿಲ್ಲ. ದಾಕ್ಷಿಣ್ಯ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇಲ್ಲ ಅಂತ ನಮ್ಮಜ್ಜಿ ಹೇಳುತ್ತಿದ್ದದ್ದು ಇಂಥದ್ದಕ್ಕೇ ಇರಬೇಕು. ಕೊಟ್ಟ ಚಿತ್ರಗಳು ಎಲ್ಲಿಗೆ ಹೋದವು, ಎಷ್ಟಕ್ಕೆ ಹೋದವು ಅಂತ ಕೇಳುವ ಧೈರ್ಯವೂ ಇರಲಿಲ್ಲ. ಒಂದು ಚಿತ್ರವಂತೂ ಎರಡು ವರ್ಷದ ಮೇಲೆ ಆ ಸಂಸ್ಥೆಯ ಆಫೀಸಿನ ಜೆರಾಕ್ಸ್ ಮಷಿನ್ ಹಿಂದೆ, ಗೋಡೆಗೆ ಮುಖ ಮಾಡಿ ನಿಂತಿತ್ತು. ಯಾರೂ ಕೊಂಡಿರಲಿಲ್ಲ. ವಾಪಸ್ ಕೊಡಬೇಕು ಅಂತ ಅವರಿಗೂ ಹೊಳೆದಿರಲಿಲ್ಲ, ಕೇಳಬೇಕು ಅಂತ ನನಗೂ ಹೊಳೆದಿರಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ಆ ಲೆಕ್ಕ ಇಲ್ಲಿದೆ.

ಹದಿನಾಲ್ಕು ಸಾವಿರದ ದಾನಕ್ಕೆ ಎಷ್ಟು ಖರ್ಚು?

ಉದಾಹರಣೆಗೆ ಒಂದು ಚಿತ್ರ ತೆಗೆದುಕೊಳ್ಳೋಣ. ಎರಡಡಿ ಅಗಲ, ಮೂರಡಿ ಎತ್ತರದ ಕ್ಯಾನ್ವಾಸ್, ಅಕ್ರಿಲಿಕ್. ಕಲಾವಿದೆ ಇದನ್ನು 40,000 ರೂಪಾಯಿಗೆ ಮಾರುತ್ತಾರೆ ಅಂತಿಟ್ಟುಕೊಳ್ಳಿ. ಕ್ಯಾನ್ವಾಸ್, ಬಣ್ಣ, ಫ್ರೇಮು, ಸಾಗಾಟ ಎಲ್ಲಾ ಸೇರಿ 7,000 ಕೈಯಿಂದ ಹೋಗಿದೆ. ಹನ್ನೆರಡು ದಿನದ ಕೆಲಸ ಬೇರೆ.

ಈ ಚಿತ್ರವನ್ನು ಹರಾಜಿಗೆ ಕೊಟ್ಟರು. ಊಟದ ಮಧ್ಯೆ ಹರಾಜು ಶುರುವಾಯಿತು. ನಿರೂಪಕರು 5,000ದಿಂದ ಕೂಗಿದರು. 14,000ಕ್ಕೆ ನಿಂತಿತು. ಚಪ್ಪಾಳೆ. ಟ್ರಸ್ಟಿಗೆ 14,000 ಬಂತು. ಕಲಾವಿದೆಯ ಕೈಯಿಂದ 7,000 ಹೋಯಿತು, ಜೊತೆಗೆ 40,000ಕ್ಕೆ ಮಾರಬಹುದಾಗಿದ್ದ ಚಿತ್ರವೂ ಹೋಯಿತು.

ಈಗ ಇದನ್ನೇ ತಿರುಗಿಸಿ ನೋಡಿ. ಆಕೆ ಅದೇ ಚಿತ್ರವನ್ನು ತನ್ನ ಸ್ಟುಡಿಯೋದಲ್ಲೇ 40,000ಕ್ಕೆ ಮಾರಿ, ಟ್ರಸ್ಟಿಗೆ 14,000 ಚೆಕ್ ಕೊಟ್ಟಿದ್ದರೆ? ಟ್ರಸ್ಟಿಗೆ ಸಿಗುವುದು ಅಷ್ಟೇ ದುಡ್ಡು. ಖರ್ಚು ಕಳೆದು ಕಲಾವಿದೆಯ ಹತ್ತಿರ 19,000 ಉಳಿಯುತ್ತಿತ್ತು. ತಿಂಗಳ ಬಾಡಿಗೆಗೆ ಆಗುತ್ತಿತ್ತು.

“ಮಾರಿದರೆ ತಾನೇ?” ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮನೆಯಲ್ಲಿ ಬಟ್ಟೆ ಸುತ್ತಿ ಇಟ್ಟ ಚಿತ್ರ ಬ್ಯಾಂಕಿನಲ್ಲಿಟ್ಟ ದುಡ್ಡಲ್ಲ. ವರ್ಷಗಟ್ಟಲೆ ಹಾಗೇ ಇರಬಹುದು. ಹಾಗಾದರೆ ಕೊಟ್ಟುಬಿಟ್ಟರೆ ಏನು ನಷ್ಟ?

ನಷ್ಟ ಆ ಒಂದು ಚಿತ್ರಕ್ಕೇ ಮುಗಿಯುವುದಿಲ್ಲ. ಹೋದ ವರ್ಷ ಇಂಥದೇ ಚಿತ್ರವನ್ನು ಪೂರ್ತಿ 40,000 ಕೊಟ್ಟು ಕೊಂಡವರೊಬ್ಬರು ಇದ್ದಾರಲ್ಲ, ಅವರ ಗೆಳೆಯರೇ ಆ ಊಟದಲ್ಲಿ ಕೂತಿರುತ್ತಾರೆ. ಮಾರನೇ ದಿನ “ನೀನು ಕೊಂಡವರದ್ದೇ ಪೇಂಟಿಂಗು ನನಗೆ ಹದಿನಾಲ್ಕಕ್ಕೆ ಸಿಕ್ತು” ಅಂತ ಫೋಟೋ ಕಳಿಸುತ್ತಾರೆ. ಮೊದಲು ಕೊಂಡವರಿಗೆ ಟೋಪಿ ಬಿದ್ದ ಹಾಗೆ ಅನಿಸುತ್ತದೆ. ಗ್ಯಾಲರಿಯವರಿಗೆ ಗೊತ್ತಾದರೆ ಅವರಿಗೂ ಸಿಟ್ಟು ಬರುತ್ತದೆ, ಯಾಕೆಂದರೆ ಅವರು ಅದೇ ಬೆಲೆಯನ್ನು ಹೇಳಿಕೊಂಡು ನಿಮ್ಮ ಕೆಲಸ ಮಾರುತ್ತಿರುತ್ತಾರೆ. ಒಬ್ಬ ಕಲಾವಿದೆಯ ಬೆಲೆ ಹತ್ತು ವರ್ಷದಲ್ಲಿ ಮೆಲ್ಲಗೆ ಏರುತ್ತದೆ. ಇಳಿಯೋಕೆ ಒಂದು ಸಂಜೆ ಸಾಕು.

ಅಂಥ ಹರಾಜಿನಲ್ಲಿ ಬೆಲೆ ಯಾಕೆ ಬೀಳುತ್ತದೆ? ಬಂದವರು ಚಿತ್ರ ಕೊಳ್ಳುವ ಜನ ಅಲ್ಲ, ಅಷ್ಟೇ. ಅವರು ಆ ಟ್ರಸ್ಟಿನ ಸ್ನೇಹಿತರು. ಊಟಕ್ಕೆ, ಪರಿಚಯಕ್ಕೆ, ಒಳ್ಳೆ ಮನಸ್ಸಿಗೆ ಬಂದಿರುತ್ತಾರೆ. ಮೇಜಿನ ಮೇಲೆ ನಿಮ್ಮ ಚಿತ್ರದ ಪಕ್ಕದಲ್ಲಿ ಕ್ರಿಕೆಟಿಗರ ಸಹಿ ಇರುವ ಬ್ಯಾಟು, ರೆಸಾರ್ಟಿನಲ್ಲಿ ಎರಡು ರಾತ್ರಿಯ ಕೂಪನ್ ಇರುತ್ತವೆ. ಕಡಿಮೆಗೆ ಸಿಕ್ಕರೆ ತೆಗೆದುಕೊಳ್ಳೋಣ ಅನ್ನುವ ಮನಸ್ಸು ಸಹಜ. ಎಷ್ಟೋ ಕಡೆ ಕೂಗುವುದೂ ಇಲ್ಲ. ಚಿತ್ರದ ಮುಂದೆ ಒಂದು ಹಾಳೆ ಇಟ್ಟಿರುತ್ತಾರೆ, ಬೇಕಾದವರು ಹೆಸರು, ಮೊತ್ತ ಬರೆಯುತ್ತಾ ಹೋಗಬೇಕು. ನಾನು ಒಮ್ಮೆ ಅಂಥ ಹಾಳೆಯಲ್ಲಿ ಒಂದೇ ಒಂದು ಹೆಸರು ನೋಡಿದ್ದೇನೆ. ಅದು ಆ ಸಂಸ್ಥೆಯ ಖಜಾಂಚಿಯದ್ದು. ಪಾಪ, ಮರ್ಯಾದೆ ಉಳಿಸಲು ಬರೆದಿದ್ದರು.

ದೊಡ್ಡ ಹೆಸರುಗಳ ಕಥೆ ಬೇರೆ

ಕಲಾವಿದರು ಕೊಟ್ಟ ಕೃತಿಗಳಿಂದ ಕೋಟಿಗಟ್ಟಲೆ ಬಂದದ್ದೂ ಉಂಟು. 2008ರ ಫೆಬ್ರವರಿ 14ರಂದು ನ್ಯೂಯಾರ್ಕಿನ ಹರಾಜು ಸಂಸ್ಥೆ ಸದಬೀಸ್‌ನಲ್ಲಿ ಕಲಾವಿದ ಡೇಮಿಯನ್ ಹರ್ಸ್ಟ್ ಮತ್ತು ಗಾಯಕ ಬೋನೊ ಸೇರಿ ನಡೆಸಿದ ‘ರೆಡ್’ ಹರಾಜಿನಲ್ಲಿ ಏಡ್ಸ್ ವಿರುದ್ಧದ ಕೆಲಸಕ್ಕಾಗಿ ಸುಮಾರು 4.25 ಕೋಟಿ ಡಾಲರ್ ಬಂತು. 2020ರಲ್ಲಿ, ಕೋವಿಡ್ ಜೋರಾಗಿದ್ದಾಗ, ಗುರುತು ಬಿಟ್ಟುಕೊಡದೆ ಬೀದಿ ಗೋಡೆಗಳ ಮೇಲೆ ಬರೆದು ಹೆಸರಾದ ಕಲಾವಿದ ಬ್ಯಾಂಕ್ಸಿ ಇಂಗ್ಲೆಂಡಿನ ಸೌತಾಂಪ್ಟನ್ ಆಸ್ಪತ್ರೆಗೆ ಒಂದು ಚಿತ್ರ ಕೊಟ್ಟರು. ಸೂಪರ್‌ಹೀರೋಗಳ ಬೊಂಬೆ ಬುಟ್ಟಿಯಲ್ಲಿ ಬಿದ್ದಿವೆ, ಹುಡುಗ ನರ್ಸಿನ ಬೊಂಬೆ ಹಿಡಿದು ಆಡುತ್ತಿದ್ದಾನೆ. ಮುಂದಿನ ವರ್ಷ ಮಾರ್ಚಿನಲ್ಲಿ ಅದು ಹರಾಜು ಸಂಸ್ಥೆ ಕ್ರಿಸ್ಟೀಸ್‌ನಲ್ಲಿ ಶುಲ್ಕವೂ ಸೇರಿ 1.68 ಕೋಟಿ ಪೌಂಡಿಗೆ ಹೋಯಿತು. ಆಸ್ಪತ್ರೆ ಗೋಡೆಯ ಮೇಲೆ ಅದರ ಪ್ರತಿ ಉಳಿಯಿತು.

ನಮ್ಮ ಹತ್ತಿರದ ಉದಾಹರಣೆಯೂ ಇದೆ. 2018ರ ಕೇರಳದ ಪ್ರವಾಹದ ನಂತರ ಕೊಚ್ಚಿ ಬಿಯೆನಾಲೆ ಅನ್ನುವ ಕಲಾಪ್ರದರ್ಶನದವರು ಕಲಾಕೃತಿಗಳ ಹರಾಜು ಸಂಸ್ಥೆ ಸ್ಯಾಫ್ರನ್‌ಆರ್ಟ್ ಜೊತೆ ಸೇರಿ 2019ರ ಜನವರಿಯಲ್ಲಿ ಕೊಚ್ಚಿಯಲ್ಲಿ ಹರಾಜು ನಡೆಸಿದರು. ಕಲಾವಿದರು ಮನಸ್ಸಿಟ್ಟು ಕೊಟ್ಟರು.

ಇವು ಯಾಕೆ ಗೆದ್ದವು ಅಂತ ನೋಡಿ. ಹರಾಜು ನಡೆಸಿದವರು ಅದೇ ಕಸುಬಿನವರು. ಕೂಗಿದವರು ಚಿತ್ರ ಕೊಳ್ಳುವ ಜನ. ಯಾವ ಚಿತ್ರಕ್ಕೆ ಎಷ್ಟು ಬರಬೇಕು ಅನ್ನುವ ಅಂದಾಜು ಮುಂಚೆಯೇ ಅಚ್ಚಾಗಿತ್ತು. ಹೋಟೆಲಿನ ಊಟದ ಹರಾಜಿನಲ್ಲಿ ಈ ಮೂರೂ ಇರುವುದಿಲ್ಲ. ಆದರೂ ಕೇಳುವವರು ಉದಾಹರಣೆ ಕೊಡುವುದು ಬ್ಯಾಂಕ್ಸಿಯದ್ದೇ. ನಾನು ಬ್ಯಾಂಕ್ಸಿ ಅಲ್ವಲ್ಲ ಸ್ವಾಮಿ.

ಇನ್ನು ‘ಪ್ರಚಾರ ಸಿಗುತ್ತೆ’ ಅನ್ನುವ ಮಾತು. ಇದು ಪೂರಾ ಸುಳ್ಳೂ ಅಲ್ಲ, ಒಂದು ಕಾಲಕ್ಕೆ ಅಕ್ಷರಶಃ ನಿಜವಾಗಿತ್ತು. 1739ರಲ್ಲಿ ಲಂಡನ್ನಿನಲ್ಲಿ ಥಾಮಸ್ ಕೋರಂ ಅನ್ನುವ ಹಡಗಿನ ಕ್ಯಾಪ್ಟನ್ ಬೀದಿಪಾಲಾದ ಕೂಸುಗಳಿಗಾಗಿ ಫೌಂಡ್ಲಿಂಗ್ ಆಸ್ಪತ್ರೆ ಶುರು ಮಾಡಿದ. ಹೆಸರು ಆಸ್ಪತ್ರೆ, ಕೆಲಸ ಅನಾಥಾಲಯದ್ದು. ಚಿತ್ರಕಾರ ವಿಲಿಯಂ ಹೋಗಾರ್ತ್ ಮರುವರ್ಷ ಕೋರಂನ ದೊಡ್ಡ ಭಾವಚಿತ್ರ ಬರೆದು ಅಲ್ಲಿಗೆ ಕೊಟ್ಟ. ಬೇರೆ ಕಲಾವಿದರನ್ನೂ ಕರೆತಂದ. ಆಗ ಲಂಡನ್ನಿನಲ್ಲಿ ಹೊಸ ಚಿತ್ರಗಳನ್ನು ಜನ ನೋಡಲು ಒಂದು ಜಾಗವೂ ಇರಲಿಲ್ಲ. ಆ ಅನಾಥಾಲಯವೇ ಗ್ಯಾಲರಿಯಾಯಿತು. ಮಕ್ಕಳನ್ನು ನೋಡುವ ನೆಪದಲ್ಲಿ ಶ್ರೀಮಂತರು ಬಂದರು, ಚಿತ್ರ ನೋಡಿದರು, ದಾನ ಕೊಟ್ಟರು, ಕಲಾವಿದರಿಗೆ ಕೆಲಸವೂ ಸಿಕ್ಕಿತು. ಅಲ್ಲಿ ಒಟ್ಟಿಗೆ ಪ್ರದರ್ಶನ ಮಾಡಿದ ಅನುಭವವೇ ಮುಂದೆ 1768ರಲ್ಲಿ ರಾಯಲ್ ಅಕಾಡೆಮಿ ಹುಟ್ಟಲು ಒಂದು ದಾರಿಯಾಯಿತು.

ಹೋಗಾರ್ತ್ ಬರೀ ದಾನಿ ಆಗಿರಲಿಲ್ಲ. ಆತ ಆ ಸಂಸ್ಥೆಯ ಆಡಳಿತ ಮಂಡಳಿಯಲ್ಲೇ ಇದ್ದ. ಯಾವ ಚಿತ್ರ, ಎಲ್ಲಿ, ಯಾರ ಪಕ್ಕ ಅನ್ನುವುದು ಕಲಾವಿದರ ಕೈಯಲ್ಲಿತ್ತು. ಚಿತ್ರಗಳು ಗೋಡೆಯ ಮೇಲೆ ಉಳಿದವು, ಅರ್ಧ ಬೆಲೆಗೆ ಹರಾಜಾಗಲಿಲ್ಲ. ಇವತ್ತು ಒಂದೇ ಒಂದು ಸಂಜೆ, ಮಂದ ಬೆಳಕಿನ ಹಾಲ್‌ನಲ್ಲಿ, ಪನೀರ್ ಟಿಕ್ಕಾ ಪಕ್ಕ ಸಿಗುವ ಪ್ರಚಾರ ಅದಲ್ಲ. ಜನವರಿಯ ಭಾನುವಾರ ಕುಮಾರಕೃಪ ರಸ್ತೆಯ ಚಿತ್ರಸಂತೆಯಲ್ಲಿ ಬಿಸಿಲಿಗೆ ಕೂತರೆ ಅದಕ್ಕಿಂತ ಎಷ್ಟೋ ಜಾಸ್ತಿ ಜನ ನೋಡುತ್ತಾರೆ.

ತೆರಿಗೆ ಉಳಿಯುತ್ತಲ್ಲ ಅನ್ನುವವರಿಗೆ

“80ಜಿ ಸರ್ಟಿಫಿಕೇಟ್ ಕೊಡ್ತೀವಿ ಮೇಡಂ” ಅಂತಾರೆ. ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ ವಿನಾಯಿತಿಯ ಹೆಸರು ಅದು. ಅವರಿಗೇ ಗೊತ್ತಿರುವುದಿಲ್ಲ, ಅದು ಚಿತ್ರಕ್ಕೆ ಅನ್ವಯಿಸುವುದಿಲ್ಲ ಅಂತ.

ನಮ್ಮ ದೇಶದಲ್ಲಿ 80ಜಿ ವಿನಾಯಿತಿ ಇರುವುದು ದುಡ್ಡಿನ ದಾನಕ್ಕೆ ಮಾತ್ರ. ಅಕ್ಕಿ ಕೊಟ್ಟರೂ ಇಲ್ಲ, ಕಂಬಳಿ ಕೊಟ್ಟರೂ ಇಲ್ಲ, ಚಿತ್ರ ಕೊಟ್ಟರೂ ಇಲ್ಲ. ದುಡ್ಡನ್ನೂ 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ಲೆಕ್ಕಕ್ಕೆ ಬರುವುದಿಲ್ಲ. ಚೆಕ್ಕೋ, ಯುಪಿಐಯೋ, ಬ್ಯಾಂಕ್ ಮೂಲಕ ಹೋಗಬೇಕು. ಅದೂ ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ಹೊಸ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿಯೇ ಇಲ್ಲ.

ಸಿಕ್ಕರೂ ಎಷ್ಟು ಸಿಗುತ್ತದೆ? ಸಾಮಾನ್ಯ ಟ್ರಸ್ಟಿಗೆ ಕೊಟ್ಟ ದುಡ್ಡಿನ ಅರ್ಧವನ್ನು ಆದಾಯದಿಂದ ಕಳೆಯಬಹುದು, ಅದಕ್ಕೂ ಆದಾಯದ ಶೇಕಡಾ ಹತ್ತರ ಮಿತಿ ಇದೆ. 20,000 ಕೊಟ್ಟರೆ 10,000 ಕಳೆಯಬಹುದು. ಶೇಕಡಾ 20ರ ತೆರಿಗೆ ಕಟ್ಟುವವರಾದರೆ ಉಳಿಯುವುದು ಸುಮಾರು 2,000 ರೂಪಾಯಿ. ಅಂದರೆ ದಾನ ಮಾಡಿ ಯಾರೂ ಶ್ರೀಮಂತರಾಗುವುದಿಲ್ಲ. ಆಗಲೂಬಾರದು ಅನ್ನಿ. ಆದರೆ ‘ನಿಮಗೂ ಲಾಭ’ ಅನ್ನುವ ಮಾತನ್ನು ನಂಬಿ ಚಿತ್ರ ಕೊಡುವುದು ಬೇಡ.

ಅಮೆರಿಕದ ಕಥೆ ಇನ್ನೂ ಸ್ವಾರಸ್ಯ. ಅಲ್ಲಿ 1969ರವರೆಗೆ ಕಲಾವಿದರು ತಮ್ಮ ಕೃತಿಯನ್ನು ಮ್ಯೂಸಿಯಮ್ಮಿಗೆ ಕೊಟ್ಟರೆ ಅದರ ಮಾರುಕಟ್ಟೆ ಬೆಲೆಯಷ್ಟನ್ನು ಆದಾಯದಿಂದ ಕಳೆಯಬಹುದಿತ್ತು. ರಾಜಕಾರಣಿಗಳೂ ಇದನ್ನು ಹಿಡಿದುಕೊಂಡರು. ತಮ್ಮ ಅಧಿಕಾರದ ಕಾಲದ ಕಾಗದ ಪತ್ರಗಳನ್ನು ದಾನ ಕೊಟ್ಟು ತೆರಿಗೆ ಉಳಿಸಿಕೊಳ್ಳತೊಡಗಿದರು. ಇದನ್ನು ನಿಲ್ಲಿಸಲು ಸಂಸತ್ತು ಕಾನೂನು ತಂದಿತು. ತಾನೇ ಮಾಡಿದ ಕೃತಿಯನ್ನು ದಾನ ಕೊಟ್ಟರೆ ಬಣ್ಣ, ಬಟ್ಟೆ, ಕಾಗದದ ಖರ್ಚಷ್ಟೇ ಲೆಕ್ಕಕ್ಕೆ ಅಂತಾಯಿತು. ಆ ಕಾನೂನಿಗೆ ಸಹಿ ಹಾಕಿದ್ದು ಅಧ್ಯಕ್ಷ ನಿಕ್ಸನ್. ಆಮೇಲೆ ಗೊತ್ತಾಯಿತು, ನಿಕ್ಸನ್ನರೇ ತಮ್ಮ ಹಳೇ ಕಾಗದಗಳ ದಾನಪತ್ರಕ್ಕೆ ಹಿಂದಿನ ತಾರೀಖು ಹಾಕಿಸಿ, ಹೊಸ ಕಾನೂನಿಗಿಂತ ಮೊದಲೇ ಕೊಟ್ಟ ಹಾಗೆ ತೋರಿಸಿದ್ದರು ಅಂತ. ಬಾಕಿ ತೆರಿಗೆ ಅವರ ತಲೆಗೆ ಬಂತು.

ಪೆಟ್ಟು ತಿಂದವರು ಮಾತ್ರ ಕಲಾವಿದರು. ಸಂಗೀತಗಾರ ಇಗೋರ್ ಸ್ಟ್ರಾವಿನ್ಸ್ಕಿ ತಮ್ಮ ಹಸ್ತಪ್ರತಿಗಳನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಕೊಡುವವರಿದ್ದರು. ಕಾನೂನು ಬದಲಾದ ಮೇಲೆ ಕೊಡಲಿಲ್ಲ. ಕೊನೆಗೆ ಅವು ಸ್ವಿಟ್ಜರ್ಲೆಂಡಿನ ಒಂದು ಪ್ರತಿಷ್ಠಾನಕ್ಕೆ ಹೋದವು. ಇವತ್ತಿಗೂ ಅಲ್ಲಿ ಒಂದೇ ಚಿತ್ರವನ್ನು ಕೊಂಡವನು ದಾನ ಕೊಟ್ಟರೆ ಮಾರುಕಟ್ಟೆ ಬೆಲೆ, ಬರೆದವಳು ದಾನ ಕೊಟ್ಟರೆ ಟ್ಯೂಬಿನ ಬಣ್ಣದ ಬೆಲೆ. ಇದನ್ನು ಸರಿ ಮಾಡಲು ಸೆನೆಟರ್ ಪ್ಯಾಟ್ರಿಕ್ ಲೇಹಿ ಮತ್ತೆ ಮತ್ತೆ ಮಸೂದೆ ತಂದರು. ಪಾಸಾಗಲಿಲ್ಲ.

ಸಹಾಯಾರ್ಥ ಆಟದಿಂದ ಕಲಿಯಬಹುದಾದದ್ದು

ಹಾಗಾದರೆ ಏನು ಮಾಡುವುದು? ನನಗೆ ದಾರಿ ತೋರಿಸಿದ್ದು ಕರಾವಳಿಯ ನನ್ನ ಸ್ನೇಹಿತೆ. “ನಮ್ಮಲ್ಲಿ ಸಹಾಯಾರ್ಥ ಯಕ್ಷಗಾನ ಆಗ್ತದಲ್ಲ, ಮೇಳದವರು ಪುಕ್ಕಟೆ ಕುಣೀತಾರೆ ಅಂದ್ಕೊಂಡ್ಯಾ ಮಾರಾಯ್ತಿ?” ಅಂದಳು.

ಶಾಲೆಯ ಕಟ್ಟಡಕ್ಕೋ, ಊರಿನ ಯಾರದೋ ಚಿಕಿತ್ಸೆಗೋ ಆಟ ಇಡುತ್ತಾರೆ. ಮೇಳಕ್ಕೆ ಇಷ್ಟು ವೀಳ್ಯ, ಅಂದರೆ ಸಂಭಾವನೆ, ಅಂತ ಮಾತಾಗಿರುತ್ತದೆ. ಟಿಕೆಟ್ ಮಾರಿ, ಮನೆ ಮನೆಗೆ ಹೋಗಿ ದುಡ್ಡು ಎತ್ತುತ್ತಾರೆ. ವೀಳ್ಯ, ಮೈಕು, ಲೈಟು, ಚಪ್ಪರದ ಖರ್ಚು ಕಳೆದು ಉಳಿದದ್ದು ಉದ್ದೇಶಕ್ಕೆ. ಮೇಳದವರು ಒಳ್ಳೆ ಕೆಲಸ ಅಂತ ವೀಳ್ಯದಲ್ಲಿ ಸ್ವಲ್ಪ ಬಿಟ್ಟುಕೊಡುವುದೂ ಉಂಟು. ಅದು ಅವರ ಮನಸ್ಸು. ಆದರೆ ಭಾಗವತರಿಗೆ ಸೊನ್ನೆ ಕೊಟ್ಟು ಶಾಮಿಯಾನದವರಿಗೆ ಪೂರ್ತಿ ಬಿಲ್ ಕಟ್ಟುವ ಯೋಚನೆ ಯಾರಿಗೂ ಬರುವುದಿಲ್ಲ.

ಹೋಟೆಲಿನ ಹರಾಜಿನಲ್ಲಿ ಆಗುವುದು ಅದೇ. ಹಾಲ್‌ಗೆ ಬಾಡಿಗೆ ಇದೆ, ಅಡುಗೆಯವರಿಗೆ ತಟ್ಟೆ ಲೆಕ್ಕ, ಸೌಂಡ್ ಸಿಸ್ಟಂನವರಿಗೆ ಅಡ್ವಾನ್ಸ್, ನಿರೂಪಕರಿಗೆ ಕವರ್. ಪೂರ್ತಿ ಪುಕ್ಕಟೆ ಸಿಗುವುದು ಚಿತ್ರ ಒಂದೇ. ಮತ್ತು ಆ ಸಂಜೆ ಮಾರಾಟಕ್ಕಿರುವ ಮುಖ್ಯ ಸಾಮಾನೂ ಅದೇ.

ಆ ಮಾತಿನ ನಂತರ ನಾನು ನೇರವಾಗಿ ಹಂಚಿಕೆ ಕೇಳತೊಡಗಿದೆ. ಚಿತ್ರ ಮಾರಾಟವಾದರೆ ಅರ್ಧ ನಿಮಗೆ, ಅರ್ಧ ನನಗೆ. ಗ್ಯಾಲರಿಗಳು ಹೇಗೂ ಮೂರನೇ ಒಂದರಿಂದ ಅರ್ಧದವರೆಗೆ ಕಮಿಷನ್ ತೆಗೆದುಕೊಳ್ಳುತ್ತವೆ. ಆ ಪಾಲು ಟ್ರಸ್ಟಿಗೆ ಹೋಗಲಿ, ನನಗೆ ಗ್ಯಾಲರಿಯಲ್ಲಿ ಮಾರಿದಷ್ಟೇ ಸಿಗುತ್ತದೆ, ಇಬ್ಬರಿಗೂ ನೆಮ್ಮದಿ. ಜೊತೆಗೆ ಕನಿಷ್ಠ ಬೆಲೆ. ಇದಕ್ಕಿಂತ ಕೆಳಗೆ ಕೂಗು ನಿಂತರೆ ಚಿತ್ರ ವಾಪಸ್. ಈ ಕನಿಷ್ಠ ಬೆಲೆಯ ಮಾತು ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ಆಗಲೇ ಹೇಳಿದ ಆ ‘ಹದಿನಾಲ್ಕಕ್ಕೆ ಸಿಕ್ತು’ ಅನ್ನುವ ಮೆಸೇಜನ್ನು ತಡೆಯುವುದು ಇದೊಂದೇ.

ಮೂಲ ಚಿತ್ರವೇ ಯಾಕೆ ಬೇಕು ಅಂತಲೂ ಕೇಳಬಹುದು. 1949ರಲ್ಲಿ ಯುನಿಸೆಫ್ ಹೊರತಂದ ಮೊದಲ ಶುಭಾಶಯ ಪತ್ರದಲ್ಲಿದ್ದದ್ದು ಚೆಕೊಸ್ಲೊವಾಕಿಯಾದ ಏಳು ವರ್ಷದ ಹುಡುಗಿ ಬರೆದ ಚಿತ್ರ. ಒಂದೇ ಚಿತ್ರ, ಸಾವಿರಾರು ಕಾರ್ಡು. ನಮ್ಮಲ್ಲಿ 1979ರಲ್ಲಿ ಮಕ್ಕಳಿಗಾಗಿ ಶುರುವಾದ ಕ್ರೈ ಸಂಸ್ಥೆಯನ್ನೂ ಒಂದು ತಲೆಮಾರಿನ ಮನೆಗಳು ಗುರುತಿಟ್ಟುಕೊಂಡದ್ದು ಗ್ರೀಟಿಂಗ್ ಕಾರ್ಡಿನಿಂದ. ಚಿತ್ರ ಕಲಾವಿದರ ಹತ್ತಿರವೇ ಇರುತ್ತದೆ, ಅಚ್ಚು ಹಾಕುವ ಅನುಮತಿ ಮಾತ್ರ ಹೋಗುತ್ತದೆ. ಎಷ್ಟು ಪ್ರತಿ, ಎಷ್ಟು ವರ್ಷ ಅಂತ ಬರೆದುಕೊಟ್ಟರಾಯಿತು.

ನನಗೆ ತುಂಬಾ ಇಷ್ಟವಾದ ಉಪಾಯ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನದ್ದು. 1994ರಲ್ಲಿ ಶುರುವಾದ ಅವರ ಪೋಸ್ಟ್‌ಕಾರ್ಡ್ ಮಾರಾಟದಲ್ಲಿ ಹೆಸರಾಂತ ಕಲಾವಿದರೂ ವಿದ್ಯಾರ್ಥಿಗಳೂ ಪೋಸ್ಟ್‌ಕಾರ್ಡ್ ಅಳತೆಯ ಚಿತ್ರ ಬರೆದು ಕೊಡುತ್ತಾ ಬಂದಿದ್ದಾರೆ. ಸಹಿ ಹಿಂದುಗಡೆ. ಎಲ್ಲಕ್ಕೂ ಒಂದೇ ಬೆಲೆ. ಕೊಂಡು ತಿರುಗಿಸಿ ನೋಡಿದ ಮೇಲಷ್ಟೇ ಯಾರದು ಅಂತ ಗೊತ್ತಾಗುವುದು. ದುಡ್ಡು ವಿದ್ಯಾರ್ಥಿಗಳ ನಿಧಿಗೆ. ಟ್ರೇಸಿ ಎಮಿನ್ ಅಂಥ ಹೆಸರಾಂತ ಕಲಾವಿದೆಯ ಕಾರ್ಡ್ ಸಿಗಬಹುದು ಅಂತ ಜನ ಸಾಲು ನಿಲ್ಲುತ್ತಿದ್ದರು. ಕಲಾವಿದರಿಗೆ ಖರ್ಚು ಒಂದು ಸಂಜೆ. ಬೆಲೆಗೆ ಪೆಟ್ಟಿಲ್ಲ, ಯಾಕೆಂದರೆ ಅಲ್ಲಿನ ಬೆಲೆ ಯಾರ ಬೆಲೆಯೂ ಅಲ್ಲ. ನಮ್ಮ ಯಾವುದಾದರೂ ಕಲಾ ಕಾಲೇಜು ಇದನ್ನು ಮಾಡಿದರೆ ಮೊದಲ ಹತ್ತು ಕಾರ್ಡ್ ನನ್ನವು.

ಗ್ರಾಫಿಕ್ ಡಿಸೈನರುಗಳ ಕಷ್ಟ ಸ್ವಲ್ಪ ಬೇರೆ. ಅವರನ್ನು ಕೇಳುವುದು ಲೋಗೋ, ಪೋಸ್ಟರು, ‘ಸುಮ್ನೆ ಒಂದು ಚಿಕ್ಕ ಬದಲಾವಣೆ’. ಪುಕ್ಕಟೆ ಕೆಲಸಕ್ಕೆ ಬದಲಾವಣೆಗಳು ಮುಗಿಯುವುದೇ ಇಲ್ಲ. ಅವರಲ್ಲಿ ಒಂದು ಜಾಣ ರೂಢಿ ಇದೆ. ಪೂರ್ತಿ ಬಿಲ್ ಬರೆಯುತ್ತಾರೆ, ಲೋಗೋಗೆ ಇಷ್ಟು, ಎರಡು ತಿದ್ದುಪಡಿಗೆ ಇಷ್ಟು. ಕೊನೆಯ ಸಾಲಿನಲ್ಲಿ ‘ರಿಯಾಯಿತಿ ಶೇಕಡಾ 100’. ದುಡ್ಡು ತೆಗೆದುಕೊಳ್ಳುವುದಿಲ್ಲ, ಆದರೆ ಏನು ಕೊಟ್ಟೆವು ಅಂತ ಎರಡೂ ಕಡೆಗೆ ಗೊತ್ತಾಗುತ್ತದೆ. ಮೂರನೇ ತಿದ್ದುಪಡಿ ಕೇಳುವಾಗ ಅವರಿಗೇ ಸಂಕೋಚ ಬರುತ್ತದೆ.

ಕ್ಯಾನ್ವಾಸ್ ಹೋಗುತ್ತದೆ, ಹಕ್ಕು ಹೋಗುವುದಿಲ್ಲ

ಒಮ್ಮೆ ಚಿತ್ರ ಕೊಟ್ಟ ಮೇಲೆ ಅದನ್ನು ಕ್ಯಾಲೆಂಡರು, ಮಗ್ಗು, ಟೀ ಶರ್ಟಿನ ಮೇಲೆ ಅಚ್ಚು ಹಾಕಬಹುದಾ? ಹಾಕಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರದ ವಸ್ತು ಬೇರೆ, ಅದರ ನಕಲು ತೆಗೆಯುವ ಹಕ್ಕು ಬೇರೆ. ಹಕ್ಕು ದಾಟಬೇಕಾದರೆ ಲಿಖಿತವಾಗಿ ಬರೆದುಕೊಡಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಅಂತ ಅರ್ಥ. ಹಾಗಾಗಿ ಟ್ರಸ್ಟಿನವರು ಕಳಿಸುವ ‘ಒಪ್ಪಿಗೆ ಪತ್ರ’ವನ್ನು ಓದದೆ ಸಹಿ ಹಾಕಬೇಡಿ. ‘ಎಲ್ಲಾ ಹಕ್ಕುಗಳೊಂದಿಗೆ’ ಅನ್ನುವ ಎರಡು ಪದ ಕೆಳಗೆಲ್ಲೋ ಕೂತಿರಬಹುದು. ಅದನ್ನು ಹೊಡೆದುಹಾಕಿ, ‘ಈ ಕಾರ್ಯಕ್ರಮದ ಪ್ರಚಾರಕ್ಕೆ ಮಾತ್ರ’ ಅಂತ ಬರೆದು ಸಹಿ ಹಾಕಿ.

ಚಿತ್ರವನ್ನು ಕೆಡಿಸಿದರೆ ಕೇಳುವ ಹಕ್ಕೂ ಉಳಿದಿರುತ್ತದೆ. ಶಿಲ್ಪಿ ಅಮರನಾಥ ಸೆಹಗಲ್ ಅವರ ದೊಡ್ಡ ಕಂಚಿನ ಉಬ್ಬುಶಿಲ್ಪ ದೆಹಲಿಯ ವಿಜ್ಞಾನ ಭವನದ ಗೋಡೆಯ ಮೇಲಿತ್ತು. 1979ರಲ್ಲಿ ಅದನ್ನು ಕಿತ್ತು ಉಗ್ರಾಣಕ್ಕೆ ಹಾಕಿದರು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟು ಉಳಿದ ಭಾಗಗಳನ್ನು ಅವರಿಗೆ ವಾಪಸ್ ಕೊಡಿಸಿ, 5 ಲಕ್ಷ ಪರಿಹಾರವನ್ನೂ ಕೊಡಿಸಿತು. ಅದು ದಾನದ ಕೃತಿ ಅಲ್ಲ, ಸರ್ಕಾರವೇ ಮಾಡಿಸಿದ್ದು. ಆದರೂ ಕೃತಿ ಕೈಬಿಟ್ಟ ಮೇಲೂ ಕಲಾವಿದನ ಮಾತು ಉಳಿಯುತ್ತದೆ ಅನ್ನುವುದು ಅಲ್ಲಿ ಗಟ್ಟಿಯಾಯಿತು. ಇನ್ನೊಂದು ಕಲಂ ಇದೆ, 53ಎ. ಮೂಲ ಚಿತ್ರ ಮುಂದೆ 10,000 ರೂಪಾಯಿಗಿಂತ ಜಾಸ್ತಿಗೆ ಮರುಮಾರಾಟವಾದರೆ ಕಲಾವಿದರಿಗೆ ಶೇಕಡಾ ಹತ್ತರವರೆಗೆ ಪಾಲು. ಓದಲು ಚೆನ್ನಾಗಿದೆ. ನನಗೆ ಇನ್ನೂ ಬಂದಿಲ್ಲ.

ಇಲ್ಲ ಅನ್ನುವುದು ಹೇಗೆ

ಹಳಬರು ಮಾಡುವುದು ಇಷ್ಟೇ: ಫೋನ್ ಬರುವ ಮೊದಲೇ ತೀರ್ಮಾನ ಮಾಡಿಟ್ಟುಕೊಂಡಿರುತ್ತಾರೆ. ವರ್ಷಕ್ಕೆ ಒಂದೋ ಎರಡೋ ಚಿತ್ರ, ತಾವೇ ಆರಿಸಿದ ಕೆಲಸಕ್ಕೆ. ನನಗೆ ಗೊತ್ತಿರುವ ಹಿರಿಯರೊಬ್ಬರು ತಮ್ಮೂರಿನ ಗ್ರಂಥಾಲಯ ಬಿಟ್ಟು ಬೇರೆ ಯಾರಿಗೂ ಕೊಡುವುದಿಲ್ಲ. ಯಾರು ಕೇಳಿದರೂ ಒಂದೇ ಉತ್ತರ, “ನಂದೆಲ್ಲಾ ಅಲ್ಲಿಗೆ ಹೋಗ್ತದೆ ಕಣಪ್ಪ.” ಕೇಳಿದವರಿಗೂ ಬೇಜಾರಿಲ್ಲ, ಏಕೆಂದರೆ ತಿರಸ್ಕಾರ ತಮ್ಮ ಕೆಲಸದ್ದಲ್ಲ ಅಂತ ಗೊತ್ತಾಗುತ್ತದೆ.

ಫೋನಿನಲ್ಲಿ ಹೂಂ ಅನ್ನುವುದನ್ನು ನಾನು ಬಿಟ್ಟಿದ್ದೇನೆ. “ಒಂದು ಮೇಲ್ ಹಾಕಿ, ನೋಡಿ ಹೇಳ್ತೀನಿ” ಅನ್ನುತ್ತೇನೆ. ಅರ್ಧ ಜನ ಅಲ್ಲೇ ನಿಲ್ಲುತ್ತಾರೆ. ಮೇಲ್ ಬಂದರೆ ಹೀಗೆ ಬರೆಯುತ್ತೇನೆ:

“ನಮಸ್ಕಾರ. ನಿಮ್ಮ ಕೆಲಸದ ಬಗ್ಗೆ ಓದಿ ಸಂತೋಷವಾಯಿತು. ನಾನು ಚಿತ್ರ ಬರೆದೇ ಜೀವನ ಮಾಡುವವಳಾದ್ದರಿಂದ ಪೂರ್ತಿ ದಾನವಾಗಿ ಕೊಡಲು ಆಗುವುದಿಲ್ಲ. ಮಾರಾಟದ ಅರ್ಧ ಪಾಲು ಸಂಸ್ಥೆಗೆ ಬಿಡಬಲ್ಲೆ. ದಯವಿಟ್ಟು ಇಷ್ಟು ತಿಳಿಸಿ: ಸಂಸ್ಥೆಯ ನೋಂದಣಿ ಸಂಖ್ಯೆ, ಕನಿಷ್ಠ ಬೆಲೆ ಇಡಬಹುದೇ, ಮಾರಾಟವಾಗದಿದ್ದರೆ ಎಷ್ಟು ದಿನದಲ್ಲಿ ವಾಪಸ್, ಫ್ರೇಮು, ಸಾಗಾಟ ಯಾರ ಖರ್ಚು, ದಾರಿಯಲ್ಲಿ ಹಾಳಾದರೆ ಯಾರ ಹೊಣೆ, ಕೊಂಡವರ ಹೆಸರು ನನಗೆ ತಿಳಿಸುತ್ತೀರಾ.”

ಒರಟಾಯಿತು ಅನಿಸುತ್ತದಾ? ನನಗೂ ಮೊದಲು ಅನಿಸಿತ್ತು. ಆದರೆ ನೆಟ್ಟಗೆ ಕೆಲಸ ಮಾಡುವ ಸಂಸ್ಥೆಗಳು ಒಂದೇ ದಿನದಲ್ಲಿ ಉತ್ತರ ಕೊಡುತ್ತವೆ. ಅವರ ಹತ್ತಿರ ಇದೆಲ್ಲಾ ಮೊದಲೇ ಬರೆದಿಟ್ಟಿರುತ್ತದೆ. 80ಜಿ ಅನುಮೋದನೆ ಇರುವ ಸಂಸ್ಥೆಯ ಹೆಸರನ್ನು ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲೇ ಹುಡುಕಬಹುದು, ನೀತಿ ಆಯೋಗದ ದರ್ಪಣ್ ಪಟ್ಟಿಯಲ್ಲೂ ನೋಡಬಹುದು. ಕೊಂಡವರ ಹೆಸರು ಕೇಳುವುದು ಯಾಕೆ ಅಂತ ಕೆಲವರು ಅನುಮಾನ ಪಡುತ್ತಾರೆ. ಪ್ರಚಾರ ಸಿಗುತ್ತೆ ಅಂದವರು ನೀವೇ ತಾನೇ? ಆ ಒಂದು ಹೆಸರೇ ನನ್ನ ಪಾಲಿನ ಪ್ರಚಾರ. ಮುಂದಿನ ಪ್ರದರ್ಶನಕ್ಕೆ ಅವರಿಗೊಂದು ಆಮಂತ್ರಣ ಹೋಗುತ್ತದೆ.

ಒಂದು ತಪ್ಪನ್ನು ಮಾತ್ರ ಯಾರೂ ಮಾಡಬೇಡಿ. ಎಲ್ಲೂ ಮಾರಾಟವಾಗದ, ನಿಮಗೇ ನೋಡಲು ಆಗದ ಚಿತ್ರವನ್ನು ‘ಹೋಗಲಿ ಬಿಡು’ ಅಂತ ದಾಟಿಸುವುದು. ನಾನು ಮಾಡಿದ್ದೇನೆ. ಹೂದಾನಿಯೊಂದರ ಚಿತ್ರ, ಹೂವಿಗಿಂತ ನೆರಳೇ ದಪ್ಪ. ಈಗ ಅದು ಒಂದು ದಂತ ಚಿಕಿತ್ಸಾಲಯದ ಗೋಡೆಯ ಮೇಲಿದೆ, ನನ್ನ ಸಹಿ ದೊಡ್ಡದಾಗಿ ಕಾಣುವ ಹಾಗೆ. ಹಲ್ಲು ನೋವಿಗಿಂತ ಅದನ್ನು ನೋಡುವುದೇ ಕಷ್ಟ.

ವಿದ್ಯಾರ್ಥಿಗಳಿಗೆ ಇದೆಲ್ಲಾ ಹೇಳುವುದು ಸುಲಭ, ಮಾಡುವುದು ಕಷ್ಟ ಅಂತ ಗೊತ್ತು. ಕಾಲೇಜಿನ ಮೇಷ್ಟ್ರೇ “ಎಲ್ಲರೂ ಒಂದೊಂದು ಕೊಡ್ರೋ” ಅಂದರೆ ಹುಡುಗರು ಏನು ಮಾಡಬೇಕು? ಪಾಲು ಕೇಳುವ ಸ್ಥಿತಿಯಲ್ಲಿ ಅವರಿಲ್ಲ. ಅವರಿಗೆ ನನ್ನ ಸಲಹೆ ಇಷ್ಟೇ: ಚಿಕ್ಕದು ಕೊಡಿ. ಎ4 ಅಳತೆಯ ಕಾಗದದ ಮೇಲೆ ಒಂದು ಒಳ್ಳೆ ರೇಖಾಚಿತ್ರ. ಇಲ್ಲವೇ ಒಂದು ಮಧ್ಯಾಹ್ನ ಆ ಆಶ್ರಮದ ಮಕ್ಕಳ ಜೊತೆ ಕೂತು ಬಣ್ಣ ಹಚ್ಚಿಸಿ. ದೊಡ್ಡ ಕ್ಯಾನ್ವಾಸನ್ನು ಮಂಚದ ಕೆಳಗೇ ಇಟ್ಟುಕೊಳ್ಳಿ, ಅದಕ್ಕೂ ಒಂದು ದಿನ ಬರುತ್ತದೆ.

ಮೊದಲಿಗೆ ಹೇಳಿದ ಆ ಮಕ್ಕಳ ಆಪರೇಷನ್ನಿನ ಫೋನ್ ಈ ಸಲದ್ದೇ. ನನ್ನ ಮೇಲ್ ಓದಿ ಅವರು ಎರಡು ದಿನ ಸುಮ್ಮನಿದ್ದರು. ಮುಗಿಯಿತು ಅಂದುಕೊಂಡೆ. ಮೂರನೇ ದಿನ ಫೋನ್ ಬಂತು. “ಮೇಡಂ, ಅರ್ಧರ್ಧ ಅಂದ್ರೆ ಕಮಿಟಿಯಲ್ಲಿ ಸ್ವಲ್ಪ ಗಲಾಟೆ ಆಯ್ತು. ಆಮೇಲೆ ಒಬ್ಬರು ಕೇಳಿದ್ರು, ಅಡುಗೆಯವರಿಗೆ ಎಷ್ಟು ಕೊಡ್ತಾ ಇದ್ದೀವಿ ಅಂತ.” ಆಚೆ ಕಡೆ ನಗುತ್ತಿದ್ದರು. ಕನಿಷ್ಠ ಬೆಲೆಗೆ ಒಪ್ಪಿದ್ದಾರೆ. ಮಾರಾಟವಾಗದಿದ್ದರೆ ವಾರದೊಳಗೆ ವಾಪಸ್. ಕೊಂಡವರ ಹೆಸರಿನ ಬಗ್ಗೆ “ಅವರನ್ನ ಕೇಳಿ ಹೇಳ್ತೀವಿ” ಅಂದಿದ್ದಾರೆ, ಅದು ಸರಿಯೇ. ಚಿತ್ರವನ್ನು ನಿನ್ನೆ ಫ್ರೇಮ್ ಅಂಗಡಿಗೆ ಕೊಟ್ಟು ಬಂದೆ. ಬಿಲ್ ಯಾರ ಹೆಸರಿಗೆ ಅಂತ ಅಂಗಡಿಯವನು ಕೇಳಿದ. ಟ್ರಸ್ಟಿನ ಹೆಸರು ಬರೆಸಿದೆ.